ಮೂರ್ನಾಡಿನ ಕ್ಲಿನಿಕ್‌ನಿಂದ ತಿಂಗಳ ಮಾತ್ರೆ: ನಮ್ಮ ಮನೆಯ ಅನುಭವ

ಮನೆಯಲ್ಲಿ ಬಿಪಿ, ಶುಗರ್ ಇರುವ ಹಿರಿಯರಿದ್ದಾರಾ? ಹಾಗಿದ್ದರೆ ಇದು ನಿಮಗೆ ಉಪಯೋಗಕ್ಕೆ ಬರಬಹುದು. ಕೊಡಗಿನ ಮೂರ್ನಾಡಿನಲ್ಲಿ ನಾವು ಹೋಗುವ ಕ್ಲಿನಿಕ್‌ನವರು ತಿಂಗಳ ಮಾತ್ರೆಗೆ ಒಂದು ವ್ಯವಸ್ಥೆ ಮಾಡಿದ್ದಾರೆ. ಅತ್ತೆ, ಮಾವ ಇಬ್ಬರ ಮಾತ್ರೆಯೂ ನಮಗೆ ಹಾಗೇ ಬರುತ್ತಿದೆ. ನನಗೆ ತುಂಬಾ ಹಿಡಿಸಿದೆ. ಒಂದೆರಡು ಕಡೆ ಸರಿಯಾಗಬೇಕಿದೆ, ಅದನ್ನೂ ಹೇಳುತ್ತೇನೆ.

ಮೊದಲು ಡಾಕ್ಟರ್ ಖುದ್ದಾಗಿ ನೋಡುತ್ತಾರೆ. ಚೀಟಿಯಲ್ಲಿ ಮಾತ್ರೆಯ ಜೊತೆಗೆ 'ತಿಂಗಳಿಗೊಮ್ಮೆ, 3 ಸಲ ಕೊಡಬಹುದು' ಎಂದು ಬರೆದು ಸಹಿ ಹಾಕುತ್ತಾರೆ. ಆಮೇಲೆ ಮಾತ್ರೆ ಮುಗಿಯುವ ಒಂದು ವಾರ ಮುಂಚೆ ಕ್ಲಿನಿಕ್ ನಂಬರಿಗೆ ವಾಟ್ಸಾಪ್ ಮಾಡಿದರೆ ಆಯ್ತು. ಅಲ್ಲಿನ ಸಿಸ್ಟರ್ ಪುಸ್ತಕದಲ್ಲಿ ನೋಡಿ ಪಕ್ಕದ ಮೆಡಿಕಲ್‌ಗೆ ಹೇಳುತ್ತಾರೆ. ನಾವು ಹೋಗಿ ತರಬಹುದು, ಇಲ್ಲವೇ ಕವರ್ ಮೇಲೆ ಹೆಸರು ಬರೆದು ನಾಪೋಕ್ಲು ಕಡೆಯ ಬಸ್ಸಿಗೆ ಕೊಡುತ್ತಾರೆ. ಕಂಡಕ್ಟರ್ ನಮ್ಮ ಗೇಟಿನ ಹತ್ತಿರ ಇಳಿಸಿ ಹೋಗುತ್ತಾರೆ.

ಆ 'ಇಷ್ಟು ಸಲ' ಎಂದು ಬರೆಯುವುದು ಸಣ್ಣ ವಿಷಯ ಅಲ್ಲ. ನಮ್ಮ ಕಡೆ ಹಳೇ ಸ್ಟ್ರಿಪ್ ತೋರಿಸಿ ಮಾತ್ರೆ ತರುವ ರೂಢಿ ಜಾಸ್ತಿ. ಆದರೆ 1945ರ ಔಷಧಿ ನಿಯಮಗಳ ಪ್ರಕಾರ, ಮತ್ತೆ ಕೊಡಬಹುದು ಎಂದು ಡಾಕ್ಟರ್ ಬರೆಯದಿದ್ದರೆ ಶೆಡ್ಯೂಲ್ ಎಚ್ ಮಾತ್ರೆಗಳನ್ನು, ಅಂದರೆ ಡಾಕ್ಟರ್ ಚೀಟಿ ಇದ್ದರೆ ಮಾತ್ರ ಕೊಡಬೇಕಾದ ಮಾತ್ರೆಗಳನ್ನು, ಒಂದೇ ಚೀಟಿಗೆ ಎರಡನೇ ಸಲ ಕೊಡುವ ಹಾಗಿಲ್ಲ. ಬರೆದಿದ್ದರೆ ಮೆಡಿಕಲ್‌ನವರಿಗೂ ಧೈರ್ಯ, ನಮಗೂ ನೆಮ್ಮದಿ.

ಇವರು ಕೇಳಿದ ತಕ್ಷಣ ಸುಮ್ನೆ ಕೊಟ್ಟು ಕಳಿಸುವುದಿಲ್ಲ. ಮೆಸೇಜಿನ ಜೊತೆ ಆ ವಾರದ ಬಿಪಿ, ತಿಂಡಿಗೆ ಮುಂಚಿನ ಶುಗರ್ ಕಳಿಸಲೇಬೇಕು. ಕಕ್ಕಡ 18ಕ್ಕೆ, ಅಂದರೆ ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ, ನಮ್ಮ ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ತಪ್ಪುವುದಿಲ್ಲ. ಅತ್ತೆ ಮರುದಿನವೂ ಬೆಲ್ಲದ ಪಾಯಸ ತಿಂದಿದ್ದರು. ಶುಗರ್ 190 ಬಂತು. ಹಾಗೇ ಕಳಿಸಿದೆ. ಸಿಸ್ಟರ್ ತಕ್ಷಣ ಫೋನ್ ಮಾಡಿದರು. "ಅಕ್ಕಾ, ಪಾಯಸ ಆಯ್ತಾ? ನಾಲ್ಕು ದಿನ ಬಿಟ್ಟು ಇನ್ನೊಂದು ಸಲ ನೋಡಿ ಹೇಳಿ, ಅಲ್ಲಿವರೆಗೆ ಡಾಕ್ಟರ್ ಡೋಸ್ ಮುಟ್ಟುವುದಿಲ್ಲವಂತೆ" ಎಂದರು. ಇಳಿದ ಮೇಲೆ ಅದೇ ಡೋಸ್ ಮುಂದುವರಿಯಿತು. ಇಷ್ಟು ನಿಗಾ ಇಟ್ಟು ನೋಡುವವರು ಸಿಗುವುದು ದೊಡ್ಡದು. ಮೂರು ತಿಂಗಳು ಮುಗಿದರೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ ಖುದ್ದಾಗಿ ಹೋಗಬೇಕು. ಅದರಲ್ಲಿ ವಿನಾಯಿತಿ ಇಲ್ಲ.

ಮಾವನ ನಿದ್ರೆ ಮಾತ್ರೆಗೂ ವಿನಾಯಿತಿ ಇಲ್ಲ. ಅದು ಅಲ್ಪ್ರಜೋಲಮ್. ಫೋನಿನಲ್ಲಿ ಕೇಳಿದರೆ ಬರೆದುಕೊಡುವುದಿಲ್ಲ. ಫೋನ್, ವಿಡಿಯೋ ಮೂಲಕ ಚಿಕಿತ್ಸೆ ಕೊಡುವುದಕ್ಕೆ ಇರುವ 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲೇ ಅಂಥ ಮಾತ್ರೆಗೆ ಅವಕಾಶ ಇಲ್ಲ. ಮೆಡಿಕಲ್‌ನವರೂ ಅದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು. ಮಾವನಿಗೆ ಬೇಸರವಾಯಿತು. ಆದರೆ ಡಾಕ್ಟರ್ ಮಾಡಿದ್ದೇ ಸರಿ ಎಂದು ನಾನು ಹೇಳುತ್ತೇನೆ. ವಯಸ್ಸಾದವರು ಆ ಮಾತ್ರೆ ತಿಂದು ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದರೆ ಏನು ಗತಿ?

ಈಗ ಸರಿಯಾಗಬೇಕಾದ್ದು. ಒಂದು ತಿಂಗಳು ಬೇರೆ ಕಂಪನಿಯ ಶುಗರ್ ಮಾತ್ರೆ ಬಂತು. ಹಸಿರು ಸ್ಟ್ರಿಪ್ ಇದ್ದದ್ದು ನೀಲಿ ಆಗಿತ್ತು. ಕವರ್ ಮೇಲೆ ಒಂದು ಮಾತೂ ಬರೆದಿರಲಿಲ್ಲ. ಹಳೇದರಲ್ಲಿ ನಾಲ್ಕು ಉಳಿದಿತ್ತು, ಅತ್ತೆ ಎರಡೂ ಬೇರೆ ಬೇರೆ ಎಂದುಕೊಂಡು ಡಬ್ಬಿಯಲ್ಲಿ ಜೋಡಿಸಿಟ್ಟಿದ್ದರು. ನುಂಗುವ ಮುಂಚೆ ನನ್ನ ಕಣ್ಣಿಗೆ ಬಿತ್ತು. ಗ್ಲಿಮೆಪಿರೈಡ್ ಎಂಬ ಶುಗರ್ ಇಳಿಸುವ ಔಷಧಿ ಇರುವ ಮಾತ್ರೆ ಡಬಲ್ ಆದರೆ ಶುಗರ್ ಇಳಿದು ಬೆವರು, ನಡುಕ, ತಲೆಸುತ್ತು ಬರುತ್ತದೆ. ಹೇಳಿದ ಮೇಲೆ ಈಗ 'ಕಂಪನಿ ಬೇರೆ, ಮಾತ್ರೆ ಅದೇ' ಎಂದು ಬರೆಯುತ್ತಿದ್ದಾರೆ. ಆದರೆ ಪ್ರತಿ ಸಲ ಅಲ್ಲ. ಹಾಗಾಗಿ ಕವರ್ ಬಂದ ಕೂಡಲೇ ಸ್ಟ್ರಿಪ್ಪಿನ ಹಿಂಭಾಗ ತಿರುಗಿಸಿ ನೋಡಿ. ಕಂಪನಿ ಇಟ್ಟ ಹೆಸರು ಬಿಡಿ, ಒಳಗಿರುವ ಔಷಧಿ ಯಾವುದು, ಎಷ್ಟು ಮಿಲಿಗ್ರಾಂ ಎಂದು ಅಲ್ಲಿ ಬರೆದಿರುತ್ತದೆ. ಗ್ಲಿಮೆಪಿರೈಡ್ 1 ಮತ್ತು 2 ಮಿಲಿಗ್ರಾಂನ ಸ್ಟ್ರಿಪ್‌ಗಳು ನೋಡಲು ಒಂದೇ ಥರ ಇರಬಹುದು. ಎಕ್ಸ್‌ಪೈರಿ ತಾರೀಖು ಸ್ಟ್ರಿಪ್ಪಿನ ಒಂದು ತುದಿಯಲ್ಲಿದ್ದರೆ ಮಾತ್ರೆಯನ್ನು ಇನ್ನೊಂದು ತುದಿಯಿಂದ ತೆಗೆಯಿರಿ.

ಇನ್ನೊಂದು ತೊಂದರೆ ಮಳೆಗಾಲದ್ದು. ಕರೆಂಟ್ ಹೋಗಿ ಎರಡು ದಿನವಾದರೆ ಟವರಿನ ಬ್ಯಾಟರಿಯೂ ಹೋಗುತ್ತದೆ, ವಾಟ್ಸಾಪ್ ಎಲ್ಲಿಂದ ಹೋಗಬೇಕು? ಅತ್ತ ನಾಪೋಕ್ಲು ರಸ್ತೆಯ ಬೊಳಿಬಾಣೆಯಲ್ಲಿ ಕಾವೇರಿ ನೀರು ರಸ್ತೆಗೆ ಬಂದರೆ ಬಸ್ಸೂ ಇಲ್ಲ. ಇದನ್ನು ಹೇಳಿದಾಗ ಡಾಕ್ಟರ್ ಜೂನ್‌ನಿಂದ ಆಗಸ್ಟ್‌ವರೆಗೆ ಎರಡು ತಿಂಗಳ ಮಾತ್ರೆ ಒಟ್ಟಿಗೆ ತೆಗೆದುಕೊಳ್ಳಲು ಬರೆದುಕೊಟ್ಟರು. ಕೇಳಿದವರಿಗೆ ಮಾತ್ರ ಕೊಡುತ್ತಿದ್ದಾರೆ. ನದಿಯ ಈಚೆ ಇರುವ ಎಲ್ಲರಿಗೂ ಅವರೇ ಮುಂದಾಗಿ ಹೇಳಬೇಕು ಎಂಬುದು ನನ್ನ ಕೋರಿಕೆ. ದಿನವೂ ತಪ್ಪದೆ ತೆಗೆದುಕೊಳ್ಳಬೇಕಾದ ಬಿಪಿ ಮಾತ್ರೆ, ನೀರು ಇಳಿಯುವವರೆಗೆ ಕಾಯುತ್ತಾ ಕೂರಲು ಆಗುತ್ತದಾ?

ಖರ್ಚಿನ ವಿಷಯ. ತಿಂಗಳ ಮಾತ್ರೆ ಬರೆಸಲು ಬೇರೆ ಫೀಸ್ ಇಲ್ಲ, ಖುದ್ದು ನೋಡಿದಾಗ ಮಾತ್ರ. ಪಕ್ಕದ ಮೆಡಿಕಲ್‌ನಲ್ಲೇ ತಗೋಬೇಕು ಎಂಬ ಒತ್ತಾಯವೂ ಇಲ್ಲ. ಔಷಧಿಯ ಮೂಲ ಹೆಸರು ಬರೆದುಕೊಡಿ ಎಂದರೆ ಬರೆಯುತ್ತಾರೆ, ಅದನ್ನು ತೋರಿಸಿ ಜನೌಷಧಿ ಕೇಂದ್ರದಲ್ಲಿ ತಂದರೆ ತುಂಬಾ ಕಡಿಮೆಗೆ ಬರುತ್ತದೆ.

ಹೊಸದಾಗಿ ಸೇರುವವರು ಮೇ ತಿಂಗಳಲ್ಲೇ ಹೋಗಿ ಹೆಸರು ಬರೆಸಿ. ಮಳೆ ಹಿಡಿದ ಮೇಲೆ ಅಲ್ಲಿ ಜ್ವರದವರದ್ದೇ ಸಾಲು, ಸಿಸ್ಟರಿಗೆ ಪುಸ್ತಕ ತೆರೆಯಲೂ ಪುರುಸೊತ್ತು ಇರುವುದಿಲ್ಲ. ಹೋಗುವಾಗ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಸ್ಟ್ರಿಪ್ ಕೊಂಡೊಯ್ಯಿರಿ, ನೋವಿನ ಮಾತ್ರೆ, ಆಯುರ್ವೇದದ ಪುಡಿ ಇದ್ದರೆ ಅದನ್ನೂ.