‘ಲೈವ್ ಆರ್ಕೆಸ್ಟ್ರಾ’ ಜೊತೆ ಚಾಪ್ಲಿನ್ ಸಿನಿಮಾ: ಟಿಕೆಟ್ ತಗೊಳ್ಳುವ ಮುಂಚೆ ಓದಿ

ಲಂಡನ್ ಸುತ್ತಮುತ್ತ ಇರುವ ಕನ್ನಡದವರು ದಯವಿಟ್ಟು ಗಮನಿಸಿ. ಚಾಪ್ಲಿನ್ ಅವರ ‘ದಿ ಗೋಲ್ಡ್ ರಶ್’ ಚಿತ್ರಕ್ಕೆ ಲೈವ್ ಆರ್ಕೆಸ್ಟ್ರಾ ಇದೆ ಅಂತ ಪೋಸ್ಟರ್ ನೋಡಿ ಮನೆಮಂದಿಯೆಲ್ಲ ಹೋಗಿದ್ದೆವು. ಪೋಸ್ಟರ್‌ನಲ್ಲಿ ವೇದಿಕೆ ತುಂಬ ವಾದ್ಯಗಾರರಿದ್ದರು. ಹಾಲ್‌ನಲ್ಲಿ ಇದ್ದದ್ದು ಒಂದು ಕೀಬೋರ್ಡ್, ಎರಡು ವಯಲಿನ್, ಒಂದು ಡ್ರಮ್ ಅಷ್ಟೇ. ವಾದ್ಯಗಾರರನ್ನು ಮುಂದೆ ನಿಂತು ನಡೆಸುವ ಕಂಡಕ್ಟರ್ ಇಲ್ಲವೇ ಇಲ್ಲ.

ಅದನ್ನಾದರೂ ಒಪ್ಪಿಕೊಳ್ಳಬಹುದಿತ್ತು. ಮೂಕಿ ಚಿತ್ರಕ್ಕೆ ಒಬ್ಬರೇ ಕೂತು ಪಿಯಾನೋ ನುಡಿಸಿದರೂ ಚೆನ್ನಾಗಿರುತ್ತದೆ. ನಿಜವಾದ ಮೋಸ ಆಗಿದ್ದು ಸಿನಿಮಾದಲ್ಲೇ.

ಈ ಚಿತ್ರ ಎರಡು ಥರ ಸಿಗುತ್ತದೆ. 1925ರದ್ದು ಅಸಲಿ ಮೂಕಿ, ಸುಮಾರು ಒಂದೂವರೆ ಗಂಟೆ. ಮಾತೆಲ್ಲ ತೆರೆಯ ಮೇಲೆ ಬರಹವಾಗಿ ಬರುತ್ತದೆ. 1942ರಲ್ಲಿ ಚಾಪ್ಲಿನ್ ಅವರೇ ಅದನ್ನು ಕತ್ತರಿಸಿ, ಬರಹಗಳನ್ನು ತೆಗೆದು, ತಮ್ಮ ದನಿಯಲ್ಲಿ ಕಥೆ ಹೇಳಿ, ಸಂಗೀತ ಸೇರಿಸಿ ಮತ್ತೆ ಬಿಡುಗಡೆ ಮಾಡಿದರು. ಅದು 72 ನಿಮಿಷ. ನಮಗೆ ಹಾಕಿದ್ದು ಇದನ್ನೇ, ಅದೂ ಸೌಂಡ್ ಬಂದ್ ಮಾಡಿ! ಬರಹವೂ ಇಲ್ಲ, ದನಿಯೂ ಇಲ್ಲ. ಚಾಪ್ಲಿನ್ ಬೂಟು ಬೇಯಿಸಿ ತಿನ್ನುವಾಗ ಮಕ್ಕಳು ಬಿದ್ದು ಬಿದ್ದು ನಕ್ಕರು, ಅದಕ್ಕೆ ಮಾತು ಬೇಕಿಲ್ಲ. ಆದರೆ ನಾಯಕಿ ಜಾರ್ಜಿಯಾ ಏನು ಹೇಳುತ್ತಿದ್ದಾಳೆ ಅಂತ ಯಾರಿಗೂ ತಿಳಿಯಲಿಲ್ಲ.

ಜನ ಗೊಣಗಲು ಶುರು ಮಾಡಿದ ಮೇಲೆ ಸೌಂಡ್ ಹಾಕಿದರು. ಆಗ ಇನ್ನೂ ಕೆಟ್ಟಿತು. ಚಾಪ್ಲಿನ್ ಮಾತು, ರೆಕಾರ್ಡ್ ಸಂಗೀತ, ಇವರ ವಯಲಿನ್, ಮೂರೂ ಒಟ್ಟಿಗೆ! ಫೋರ್ಕಿಗೆ ಬನ್ ಚುಚ್ಚಿ ಕುಣಿಸುವ ದೃಶ್ಯ ಗೊತ್ತಲ್ವಾ? ಅದರ ಸೊಗಸೆಲ್ಲ ಇರುವುದು ತಾಳದಲ್ಲಿ. ತೆರೆಯ ಮೇಲೆ ಬನ್ನು ಕಾಲೆತ್ತುವ ಹೊತ್ತಿಗೆ ಡ್ರಮ್ ಪೆಟ್ಟು ಎಲ್ಲೋ ಬೀಳುತ್ತಿತ್ತು. ಕೀಬೋರ್ಡ್‌ನವರು ಕೈ ತೆಗೆದು ಸುಮ್ನೆ ಕೂತುಬಿಟ್ಟರು. ಪಾಪ, ಅವರ ತಪ್ಪೇನೂ ಇಲ್ಲ. ಕೊನೆಗೆ ಹಡಗಿನಲ್ಲಿ ಅವರಿಬ್ಬರೂ, ಅಂದರೆ ಚಾಪ್ಲಿನ್ ಮತ್ತು ಜಾರ್ಜಿಯಾ, ಮುತ್ತಿಡುವ ದೃಶ್ಯವೂ ಇಲ್ಲ, 1942ರಲ್ಲಿ ಅದನ್ನೂ ಕತ್ತರಿಸಿದ್ದರು.

ಟಿಕೆಟ್ ತಗೊಳ್ಳುವ ಮುಂಚೆ ಯಾವ ವರ್ಷದ್ದು ಹಾಕುತ್ತೀರಿ ಅಂತ ಕೇಳಿ. 72 ನಿಮಿಷ ಅಂದರೆ ಬಿಟ್ಟುಬಿಡಿ. ಆರ್ಕೆಸ್ಟ್ರಾ ಹೆಸರು, ಕಂಡಕ್ಟರ್ ಹೆಸರು, ಯಾರು ಹೊಂದಿಸಿದ ಸಂಗೀತ ಅಂತಲೂ ಕೇಳಿ. ಚಾಪ್ಲಿನ್ ಸಂಗೀತವನ್ನು 1925ರ ಚಿತ್ರಕ್ಕೆ ಲೈವ್ ನುಡಿಸಲು ಸಂಗೀತಗಾರ ಟಿಮೊತಿ ಬ್ರಾಕ್ ಹೊಂದಿಸಿಕೊಟ್ಟಿದ್ದಾರೆ. ಸರಿಯಾಗಿ ಮಾಡುವವರು ಇಂಥ ವಿವರವನ್ನು ಮುಚ್ಚಿಡುವುದಿಲ್ಲ, ಮೊದಲೇ ಹಾಕಿರುತ್ತಾರೆ.

ದುಡ್ಡು ವಾಪಸ್ ಕೇಳಿದ್ದಕ್ಕೆ, ‘ಕಾರ್ಯಕ್ರಮ ಬದಲಾಗಬಹುದು ಅಂತ ಷರತ್ತಿನಲ್ಲೇ ಇದೆ’ ಅಂದರು. ಅದೇ ಪೋಸ್ಟರ್ ಈಗ ಬೇರೆ ಊರುಗಳ ಹೆಸರು ಹಾಕಿಕೊಂಡು ಮತ್ತೆ ಓಡಾಡುತ್ತಿದೆ.