ತಿಂಗಳ ಡಬ್ಬಿ ವ್ಯಾಪಾರಕ್ಕೆ ಆಟೋಪೇ ಹಾಕಿಸುವ ಮೊದಲು ಇದನ್ನೊಂದು ಓದಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆಯಿಂದಲೇ ತಿಂಗಳ ಡಬ್ಬಿ ಕಳಿಸುವವರು ಈಗ ಸುಮಾರು ಜನ ಇದ್ದಾರೆ. ಜೋನಿಬೆಲ್ಲ, ಜೇನುತುಪ್ಪ, ಹಲಸಿನ ಹಪ್ಪಳ, ತೊಡದೇವು, ಮುರುಗಲು ಸಿಪ್ಪೆ, ಉಪ್ಪಿನಕಾಯಿ. ಗ್ರಾಹಕರು ಒಮ್ಮೆ ಒಪ್ಪಿಗೆ ಕೊಟ್ಟರೆ ಸಾಕು, ಪ್ರತಿ ತಿಂಗಳು ದುಡ್ಡು ತಾನಾಗೇ ಕಟ್ ಆಗಬೇಕು, ಡಬ್ಬಿ ಹೊರಡಬೇಕು. ಇದನ್ನು ಮಾಡಿಕೊಡುತ್ತೇವೆ ಅಂತ ಇಂಥವರನ್ನೇ ಹುಡುಕಿ ಫೋನ್ ಮಾಡುವ ಕಂಪನಿಗಳಿವೆ. ನಿಮಗೂ ಫೋನ್ ಬಂದಿದ್ದರೆ, ಕಾಗದಕ್ಕೆ ಸಹಿ ಹಾಕುವ ಮೊದಲು ನಮಗೆ ಆದದ್ದನ್ನು ಕೇಳಿ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಥರ ಕೆಲಸ ಮಾಡುವವರು ಬೇರೆಯವರೂ ಇದ್ದಾರೆ, ಹೆಸರಿಗಿಂತ ಆ ರೀತಿ ಗೊತ್ತಿರುವುದು ಮುಖ್ಯ.

ಡಬ್ಬಿಯ ಕೆಲಸ ನನ್ನದು ಮತ್ತು ಅತ್ತಿಗೆಯದು. ತಿಂಗಳಿಗೆ 650 ರೂಪಾಯಿ. ತೆಗೆದುಕೊಳ್ಳುವವರು ಹೆಚ್ಚಾಗಿ ಬೆಂಗಳೂರು, ಧಾರವಾಡ, ಪುಣೆ, ಮುಂಬೈ ಸೇರಿದ ನಮ್ಮ ಊರ ಕಡೆಯವರು. ಕಂಪನಿಯ ಹುಡುಗ ಹೇಳಿದ್ದು ಇಷ್ಟು: ಕಾರ್ಡಿಗೆ ಎರಡು ಪರ್ಸೆಂಟ್, ಯುಪಿಐ ಪೂರ್ತಿ ಫ್ರೀ, ದುಡ್ಡು ಮರುದಿನವೇ ಖಾತೆಗೆ. ಕೇಳಲು ಚೆನ್ನಾಗಿತ್ತು. ಎಲ್ಲರೂ ಹೋಲಿಸಿ ನೋಡುವುದೂ ಈ ಪರ್ಸೆಂಟನ್ನೇ ಅಲ್ವಾ?

ಪರ್ಸೆಂಟಿನ ಲೆಕ್ಕ ಮೊದಲು ಮುಗಿಸಿಬಿಡುತ್ತೇನೆ. 650ಕ್ಕೆ ಎರಡು ಪರ್ಸೆಂಟ್ ಅಂದರೆ 13 ರೂಪಾಯಿ. ಆ 13ರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಒಟ್ಟು 15 ರೂಪಾಯಿ 34 ಪೈಸೆ. ಇನ್ನೊಬ್ಬರು ಒಂದೂಮುಕ್ಕಾಲು ಪರ್ಸೆಂಟ್ ಅಂದರೆ ಡಬ್ಬಿಗೆ ಎರಡು ರೂಪಾಯಿ ಉಳಿಯಬಹುದು. ಯುಪಿಐ ವಿಷಯದಲ್ಲಿ, 2020ರ ಜನವರಿಯಿಂದ ಯುಪಿಐಗೆ ಎಂಡಿಆರ್ (ಪ್ರತಿ ಪಾವತಿಗೆ ವ್ಯಾಪಾರಿಯಿಂದ ಹಿಡಿಯುವ ಶುಲ್ಕ) ಇಲ್ಲ ಅನ್ನುವುದು ನಿಜ. ಆದರೆ "ಪ್ಲಾಟ್‌ಫಾರ್ಮ್ ಶುಲ್ಕ", "ಮ್ಯಾಂಡೇಟ್ ಶುಲ್ಕ" ಅಂತ ಬೇರೆ ಹೆಸರಲ್ಲಿ ತೆಗೆದುಕೊಳ್ಳುತ್ತಾರೆ. ದುಡ್ಡು ತಾನಾಗೇ ಕಟ್ ಆಗಲಿ ಅಂತ ಗ್ರಾಹಕರು ಕೊಡುವ ಒಪ್ಪಿಗೆಗೇ ಮ್ಯಾಂಡೇಟ್ ಅನ್ನುವುದು. ಗ್ರಾಹಕರಿಗೆ ದುಡ್ಡು ವಾಪಸ್ ಕೊಟ್ಟರೆ ನಮ್ಮಿಂದ ಹಿಡಿದ ಶುಲ್ಕ ವಾಪಸ್ ಬರಲಿಲ್ಲ. ಇವೆಲ್ಲ ಕಿರಿಕಿರಿ, ನಿಜ. ನಾವು ಮುಳುಗುವ ಹಂತಕ್ಕೆ ಬಂದದ್ದು ಇದರಿಂದಲ್ಲ.

ಅಪ್ಪೆಮಿಡಿ ಕಾಲದಲ್ಲಿ ವರ್ಷದ ಚಂದಾ ಶುರು ಮಾಡಿದೆವು. ಹನ್ನೊಂದು ತಿಂಗಳ ದುಡ್ಡು, 7,150 ರೂಪಾಯಿ, ಒಮ್ಮೆಲೇ ಕಟ್ಟಿದರೆ ಹನ್ನೆರಡು ಡಬ್ಬಿ, ಜೊತೆಗೆ ಒಂದು ಚಿಕ್ಕ ಭರಣಿ ಮಿಡಿ ಉಪ್ಪಿನಕಾಯಿ. ಊರು ಬಿಟ್ಟವರಿಗೆ ಅಪ್ಪೆಮಿಡಿ ಅಂದರೆ ಕೇಳಬೇಕೇ? ಒಂದೇ ವಾರದಲ್ಲಿ ತುಂಬಾ ಜನ ಕಟ್ಟಿದರು. ಫೋನಿನಲ್ಲಿ ಟಿಂಗ್ ಟಿಂಗ್ ಅಂತ ಮೆಸೇಜು. ಖಾತೆಗೆ ಮಾತ್ರ ಒಂದು ಪೈಸೆ ಇಲ್ಲ. "ದುಡ್ಡು ಬಂತು ಹೇಳ್ತು ಫೋನು, ಪಾಸ್‌ಬುಕ್ಕಲ್ಲಿ ಇಲ್ಲೆ" ಅಂದಳು ಅತ್ತಿಗೆ, ಬ್ಯಾಂಕಿನಿಂದ ಬಂದವಳೇ.

ಡ್ಯಾಶ್‌ಬೋರ್ಡ್ ತೆಗೆದರೆ ಮೂಲೆಯಲ್ಲಿ ಹಳದಿ ಪಟ್ಟಿ. "ನಿಮ್ಮ ಸೆಟಲ್‌ಮೆಂಟ್ ಪರಿಶೀಲನೆಯಲ್ಲಿದೆ." ಅಷ್ಟೇ. ಯಾಕೆ, ಎಷ್ಟು ದಿನ, ಯಾರನ್ನು ಕೇಳಬೇಕು, ಏನೂ ಇಲ್ಲ. ಆ ಹಳದಿ ಪಟ್ಟಿಯ ಕೆಳಗೇ ಹೊಸ ಚಂದಾ ಸೇರುತ್ತಲೇ ಇತ್ತು! ನಮಗೆ ಕೊಡುವುದನ್ನು ನಿಲ್ಲಿಸಿದ್ದರು, ಗ್ರಾಹಕರಿಂದ ತೆಗೆದುಕೊಳ್ಳುವುದನ್ನು ನಿಲ್ಲಿಸಿರಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಇದೊಂದಕ್ಕೆ.

ತಡೆಹಿಡಿಯುವುದಕ್ಕೆ ಕಾರಣ ಇರುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ದಿನಕ್ಕೆ ಎರಡು ಮೂರು ಸಾವಿರ ಬರುತ್ತಿದ್ದ ಕಡೆ ಒಮ್ಮೆಲೇ ಲಕ್ಷದ ಲೆಕ್ಕದಲ್ಲಿ ಬಂದರೆ ಅವರ ಕಂಪ್ಯೂಟರ್ ಮೋಸದ ಅನುಮಾನ ಪಡುತ್ತದೆ. ಅದರಲ್ಲೂ ಮುಂದೆ ಹನ್ನೆರಡು ತಿಂಗಳು ಕೊಡಬೇಕಾದ ಸಾಮಾನಿಗೆ ಇವತ್ತೇ ದುಡ್ಡು. ನಾವು ಅರ್ಧದಲ್ಲಿ ಅಂಗಡಿ ಮುಚ್ಚಿದರೆ ಕಾರ್ಡಿನಲ್ಲಿ ಕಟ್ಟಿದ ಗ್ರಾಹಕರು ಬ್ಯಾಂಕಿಗೆ ದೂರು ಕೊಟ್ಟು ದುಡ್ಡು ವಾಪಸ್ ಪಡೆಯುತ್ತಾರೆ. ಇದಕ್ಕೆ ಚಾರ್ಜ್‌ಬ್ಯಾಕ್ ಅನ್ನುತ್ತಾರೆ. ನಮ್ಮ ಹತ್ತಿರ ವಸೂಲಿ ಆಗದಿದ್ದರೆ ಅದು ಗೇಟ್‌ವೇ, ಅಂದರೆ ಗ್ರಾಹಕರಿಂದ ಆನ್‌ಲೈನ್‌ನಲ್ಲಿ ದುಡ್ಡು ಪಡೆದು ಮುಂದೆ ಕೊಡುವ ಕಂಪನಿಯ ತಲೆಗೆ ಬರುತ್ತದೆ. ಹಾಗಾಗಿ ಹೆದರಿಕೆ ಸಹಜ. ಆದರೆ ವರ್ಷದ ಚಂದಾದ ಪುಟವನ್ನು ನಮಗೆ ಮಾಡಿಕೊಟ್ಟದ್ದೇ ಆ ಕಂಪನಿ. ಹೀಗಾಗಬಹುದು ಅಂತ ಒಂದು ಮಾತು ಹೇಳಬಹುದಿತ್ತು.

ಮಿಡಿ ಮಾತ್ರ ಯಾರ ಪರಿಶೀಲನೆಗೂ ಕಾಯುವುದಿಲ್ಲ. ಒಳಗಿನ ಗೊರಟೆ ಬಲಿಯುವ ಮೊದಲೇ, ತೊಟ್ಟು ಸಮೇತ ಕೊಯ್ದು ಉಪ್ಪಿಗೆ ಹಾಕಬೇಕು. ನೂರಕ್ಕೆ ಇಷ್ಟು ಅಂತ ಎಣಿಸಿ ಕೊಡುತ್ತಾರೆ, ನಗದು ಕೇಳುತ್ತಾರೆ. ಕಂಪನಿಯವರು ಕೇಳಿದ ದಾಖಲೆಗಳಲ್ಲಿ ಒಂದು, ಕಚ್ಚಾ ಸಾಮಾನು ಖರೀದಿಯ ಜಿಎಸ್‌ಟಿ ಬಿಲ್. ಹೊಳೆದಂಡೆಯ ಮರ ಹತ್ತಿ ಮಿಡಿ ಕೊಯ್ದು, ಚೀಲ ತಂದು ಅಂಗಳದಲ್ಲಿ ಸುರಿದವನ ಹತ್ತಿರ ಜಿಎಸ್‌ಟಿ ಬಿಲ್ ಕೇಳಲಾ? ಕೊನೆಗೆ ಭಾವ ಸೊಸೈಟಿಯಲ್ಲಿ ಅಡಿಕೆ ಮೇಲೆ ಅಡ್ವಾನ್ಸ್ ತೆಗೆದು ಕೊಟ್ಟ ಮೇಲೆ ಮಿಡಿ ಉಪ್ಪಿಗೆ ಬಿತ್ತು. ನಮ್ಮದೇ ದುಡ್ಡು ಯಾರದೋ ಖಾತೆಯಲ್ಲಿ, ನಾವು ಬಡ್ಡಿ ಕಟ್ಟುವುದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಕಂಪನಿಗೆ ಫೋನ್ ಮಾಡಿದರೆ "ಗೇಟ್‌ವೇ ಹೋಲ್ಡ್ ಮಾಡಿದೆ ಮೇಡಂ" ಅನ್ನುತ್ತಿದ್ದರು. ಯಾವ ಗೇಟ್‌ವೇ? ಅಲ್ಲಿಯ ತನಕ ಇವರೇ ಗೇಟ್‌ವೇ ಅಂತ ನಮಗೆ ಹೇಳಿಕೊಂಡಿದ್ದರು. ಗ್ರಾಹಕರೊಬ್ಬರು ತಮ್ಮ ರಸೀದಿಯ ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ ನಿಜವಾದ ಗೇಟ್‌ವೇ ಹೆಸರು ಸಿಕ್ಕಿತು. ಅವರಿಗೆ ಬರೆದರೆ ಉತ್ತರ ಇದು: "ನಮ್ಮ ದಾಖಲೆಯಲ್ಲಿ ವ್ಯಾಪಾರಿ ಆ ಕಂಪನಿ. ನೀವಲ್ಲ." ಅಂದರೆ ನಮ್ಮ ಪ್ಯಾನು, ಆಧಾರು, ಎಫ್‌ಎಸ್‌ಎಸ್‌ಎಐ ಕಾಗದ ಎಲ್ಲ ಕಂಪನಿಯ ಕಪಾಟಿನಲ್ಲೇ ಉಳಿದಿತ್ತು. ದುಡ್ಡು ಗ್ರಾಹಕರಿಂದ ಗೇಟ್‌ವೇಗೆ, ಅಲ್ಲಿಂದ ಕಂಪನಿಯ ಚಾಲ್ತಿ ಖಾತೆಗೆ, ಅಲ್ಲಿಂದ ಅವರಿಗೆ ಮನಸ್ಸು ಬಂದಾಗ ನಮಗೆ.

ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಪೇಮೆಂಟ್ ಅಗ್ರಿಗೇಟರ್‌ಗಳಿಗೆ (ಮೇಲೆ ನಾನು ಗೇಟ್‌ವೇ ಅಂದದ್ದು ಇವರನ್ನೇ) ನಿಯಮ ಮಾಡಿದೆ. ಬೇರೆಯವರ ಪರವಾಗಿ ಆನ್‌ಲೈನ್‌ನಲ್ಲಿ ದುಡ್ಡು ಪಡೆದು ವ್ಯಾಪಾರಿಗೆ ಕೊಡುವ ಬ್ಯಾಂಕೇತರ ಕಂಪನಿಗೆ ಅನುಮತಿ ಬೇಕು. ಪಡೆದ ದುಡ್ಡು ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ (ವ್ಯಾಪಾರಿಗೆ ಸೇರಬೇಕಾದ ದುಡ್ಡನ್ನು ಬೇರೆಯಾಗಿ ಇಡುವ ಖಾತೆ) ಇರಬೇಕು, ಕಂಪನಿಯ ಸ್ವಂತ ದುಡ್ಡಿನ ಜೊತೆ ಬೆರೆಯಬಾರದು. ದೂರು ಕೇಳುವ ನೋಡಲ್ ಅಧಿಕಾರಿ ಇರಬೇಕು. ಅನುಮತಿ ಇದ್ದವರ ಪಟ್ಟಿ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲೇ ಇದೆ. ಈ ರಕ್ಷಣೆ ಎಲ್ಲ ಆ ಪಟ್ಟಿಯಲ್ಲಿ ಇರುವವರ ವ್ಯಾಪಾರಿಯಾಗಿ ನಿಮ್ಮ ಹೆಸರು ನೇರವಾಗಿ ಇದ್ದಾಗ ಕೆಲಸಕ್ಕೆ ಬರುತ್ತದೆ. ನಡುವೆ ಇನ್ನೊಬ್ಬರು ಕೂತರೆ ಎಸ್ಕ್ರೋ ಅವರ ಬಾಗಿಲಿಗೆ ಮುಗಿಯಿತು.

ನಡುವಿನ ಕಂಪನಿಗಳೆಲ್ಲ ಕೆಟ್ಟವು ಅಂತಲ್ಲ. ಚಂದಾದ ಪುಟ, ನೆನಪಿನ ಮೆಸೇಜು, ಲೆಕ್ಕದ ಪಟ್ಟಿ ಇದನ್ನೆಲ್ಲ ಮಾಡಿಕೊಡುವ ಸಾಫ್ಟ್‌ವೇರ್ ಬೇಕೇ ಬೇಕು. ಆ ಕೆಲಸಕ್ಕೆ ದುಡ್ಡು ಕೊಡಿ. ನಿಮ್ಮ ಗ್ರಾಹಕರ ದುಡ್ಡು ಅವರ ಕೈಗೆ ಹೋಗುವುದು ಬೇಡ.

ಇದನ್ನು ಪತ್ತೆ ಮಾಡುವುದು ಸುಲಭ. ಪರೀಕ್ಷೆಗೆ ಅಂತ ಮನೆಯವರದೇ ಒಂದು ಚಂದಾ ಮಾಡಿಸಿ. ದುಡ್ಡು ಬಂದ ಮೇಲೆ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಕಳಿಸಿದವರ ಹೆಸರು ನೋಡಿ. ರಿಸರ್ವ್ ಬ್ಯಾಂಕ್ ಪಟ್ಟಿಯಲ್ಲಿರುವ ಹೆಸರು ಇದ್ದರೆ ಸರಿ. ನಿಮಗೆ ಫೋನ್ ಮಾಡಿದ ಸಾಫ್ಟ್‌ವೇರ್ ಕಂಪನಿಯ ಹೆಸರು ಇದ್ದು, ಅದು ಪಟ್ಟಿಯಲ್ಲಿ ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ.

ಮ್ಯಾಂಡೇಟಿನ ಗೋಳು ಬೇರೆ. ಯುಪಿಐ ಆಟೋಪೇ 2020ರ ಜುಲೈನಲ್ಲಿ ಬಂದದ್ದು. ಒಳ್ಳೆಯ ವ್ಯವಸ್ಥೆಯೇ. ಗ್ರಾಹಕರು ಒಮ್ಮೆ ಪಿನ್ ಹಾಕಿ ಒಪ್ಪಿದರೆ, ನಮ್ಮಂಥ ವ್ಯಾಪಾರಕ್ಕೆ 15,000 ರೂಪಾಯಿ ತನಕ ಮುಂದೆ ಪ್ರತಿ ಸಲ ಪಿನ್ ಬೇಡ. ನಮ್ಮ ಕಂಪನಿ ಮಾಡಿದ್ದೇನು? 650ರ ಡಬ್ಬಿಗೆ ಮ್ಯಾಂಡೇಟಿನ ಮಿತಿಯನ್ನು 15,000 ಅಂತಲೇ ಇಟ್ಟಿತ್ತು. ಗ್ರಾಹಕರ ಫೋನಿನಲ್ಲಿ "15,000 ರೂಪಾಯಿ ವರೆಗೆ" ಅಂತ ದಪ್ಪ ಅಕ್ಷರದಲ್ಲಿ ಬರುತ್ತಿತ್ತು. ಹಪ್ಪಳಕ್ಕೆ ಹದಿನೈದು ಸಾವಿರವೇ ಅಂತ ಎಷ್ಟು ಜನ ಅಲ್ಲೇ ವಾಪಸ್ ಹೋದರೋ. ಸೆಟ್ಟಿಂಗ್‌ನಲ್ಲಿ ಒಂದು ಅಂಕಿ ಬದಲಿಸುವ ಕೆಲಸ ಅದು, ನಮ್ಮ ಕೈಗೆ ಕೊಟ್ಟಿರಲಿಲ್ಲ.

ದುಡ್ಡು ಕಟ್ ಆಗುವ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕು ಅಂತ ನಿಯಮ ಇದೆ. ಕಾರ್ಡಿಗೆ 2021ರ ಅಕ್ಟೋಬರ್ 1ರಿಂದ ಇದು ಕಡ್ಡಾಯವಾಗಿ ಜಾರಿಗೆ ಬಂತು. ಆ ಸೂಚನೆಯಲ್ಲಿ ನಮ್ಮ ಡಬ್ಬಿಯ ಹೆಸರಿರಲಿಲ್ಲ, ಕಂಪನಿಯ ಹೆಸರಿತ್ತು. ಯಾವುದಿದು, ನಾನು ಯಾವಾಗ ಸೇರಿದೆ ಅಂತ ಜನ ಗಾಬರಿಯಾಗಿ ಮ್ಯಾಂಡೇಟ್ ರದ್ದು ಮಾಡುತ್ತಿದ್ದರು. ಮಾಡದೇ ಇರುತ್ತಾರಾ? ಮೋಸದ ಮೆಸೇಜು ದಿನಾ ಬರುವ ಕಾಲ ಇದು.

ಯುಪಿಐ ಬಳಸದ ಹಿರಿಯರಿಗೆ ಕಂಪನಿ ಇ-ನ್ಯಾಚ್, ಅಂದರೆ ಬ್ಯಾಂಕ್ ಖಾತೆಯಿಂದಲೇ ನೇರ ಕಟ್ ಆಗುವ ಮ್ಯಾಂಡೇಟ್ ಹಾಕಿತ್ತು. ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಇದು ಚೆಕ್ ಬೌನ್ಸ್ ಆದ ಹಾಗೆ, ಬ್ಯಾಂಕು ಗ್ರಾಹಕರಿಗೇ ದಂಡ ಹಾಕುತ್ತದೆ. ಪಿಂಚಣಿ ಬರುವ ಮೊದಲೇ ಕಟ್ ಮಾಡಲು ಹೋಗಿ, ಆಗದೆ, ಮತ್ತೆ ಎರಡು ದಿನ ಬಿಟ್ಟು ಹೋಗಿ, ಧಾರವಾಡದ ನಿವೃತ್ತ ಮಾಸ್ತರರೊಬ್ಬರಿಗೆ ಎರಡು ಸಲ ದಂಡ ಬಿತ್ತು. "ಏನವಾ, ನಿನ್ನ ಉಪ್ಪಿನಕಾಯಿಕಿಂತ ಬ್ಯಾಂಕಿನ ದಂಡಾನ ಜಾಸ್ತಿ ಆತಲ್ಲ" ಅಂದರು. ಬೈಯಲಿಲ್ಲ, ನಗುತ್ತಲೇ ಅಂದರು. ಆದರೆ ಚಂದಾ ಬಿಟ್ಟರು. ಕಟ್ ಮಾಡುವ ದಿನಾಂಕವನ್ನು ನೀವೇ ಆರಿಸಬಹುದೇ, ಆಗದಿದ್ದರೆ ಎಷ್ಟು ಸಲ ಮತ್ತೆ ಪ್ರಯತ್ನ ಮಾಡುತ್ತಾರೆ, ಅದನ್ನು ನಿಲ್ಲಿಸುವ ಬಟನ್ ನಿಮ್ಮ ಕೈಯಲ್ಲಿದೆಯೇ, ಇಷ್ಟನ್ನು ಕೇಳದೆ ಯಾರ ಹತ್ತಿರವೂ ಸೇರಬೇಡಿ. ಯುಪಿಐ ಆಟೋಪೇ 2025ರ ಆಗಸ್ಟ್‌ನಿಂದ ಬೆಳಿಗ್ಗೆ 10ರಿಂದ 1 ಮತ್ತು ಸಂಜೆ 5ರಿಂದ ರಾತ್ರಿ 9:30ರ ನಡುವೆ ಓಡುವುದಿಲ್ಲ. ಹಾಗಾಗಿ ಬೆಳಿಗ್ಗೆ ಹನ್ನೊಂದಕ್ಕೆ ದುಡ್ಡು ಬಂದಿಲ್ಲ ಅಂತ ಸುಮ್ನೆ ಗಾಬರಿಯಾಗಬೇಡಿ, ಅದು ಬೇರೆ ವಿಷಯ.

ಬಿಟ್ಟು ಹೊರಡೋಣ ಅಂದಾಗ ಕೊನೆಯ ಪೆಟ್ಟು ಬಿತ್ತು. ಚಂದಾದಾರರ ಮ್ಯಾಂಡೇಟುಗಳನ್ನು ಬೇರೆ ಕಡೆಗೆ ವರ್ಗಾಯಿಸಿ ಅಂದೆವು. ಆಗುವುದಿಲ್ಲ ಅಂದರು. 2022ರ ಅಕ್ಟೋಬರ್‌ನಿಂದ ಕಾರ್ಡ್ ನಂಬರನ್ನು ವ್ಯಾಪಾರಿ ಇಟ್ಟುಕೊಳ್ಳುವ ಹಾಗಿಲ್ಲ, ಅದರ ಬದಲಿಗೆ ಬಳಸುವ ಗುಪ್ತ ಸಂಖ್ಯೆ, ಟೋಕನ್ ಮಾತ್ರ. ನಮ್ಮ ಗ್ರಾಹಕರ ಆ ಟೋಕನ್ನೂ ಅವರ ಹತ್ತಿರವೇ. ಅಂದರೆ ಪ್ರತಿಯೊಬ್ಬರಿಗೂ ಫೋನ್ ಮಾಡಿ, ಹಳೆಯದನ್ನು ರದ್ದು ಮಾಡಿಸಿ, ಹೊಸದಕ್ಕೆ ಒಪ್ಪಿಗೆ ಪಡೆಯಬೇಕು. ಅತ್ತಿಗೆ ಮಧ್ಯಾಹ್ನದ ಊಟ ಮುಗಿಸಿ ಜಗಲಿಯಲ್ಲಿ ಪಟ್ಟಿ ಹಿಡಿದು ಕೂತರೆ ಸಂಜೆವರೆಗೆ ಅದೇ. ಮೂರರಲ್ಲಿ ಒಂದು ಪಾಲು ಜನ ಮತ್ತೆ ಸೇರಲಿಲ್ಲ. ಬೇಜಾರಿಂದಲ್ಲ, ಸೋಮಾರಿತನದಿಂದ. ಚಂದಾ ವ್ಯಾಪಾರ ನಿಂತಿರುವುದೇ ಜನ ಒಮ್ಮೆ ಮಾಡಿದ್ದನ್ನು ಮತ್ತೆ ಮುಟ್ಟುವುದಿಲ್ಲ ಅನ್ನುವುದರ ಮೇಲೆ. ಆದ್ದರಿಂದ "ನಾವು ಬಿಟ್ಟುಹೋದರೆ ಮ್ಯಾಂಡೇಟು, ಟೋಕನ್ ನಮ್ಮ ಜೊತೆ ಬರುತ್ತವೆಯೇ" ಅಂತ ಮೊದಲೇ ಕೇಳಿ. ಉತ್ತರ ಇಮೇಲಿನಲ್ಲಿ ಬರಲಿ, ಫೋನಿನ ಮಾತು ಬೇಡ.

ತಡೆದ ದುಡ್ಡು ಬಂತು, ಶಿರಸಿಯ ವಕೀಲರೊಬ್ಬರಿಂದ ನೋಟಿಸ್ ಹೋದ ಮೇಲೆ, ಕಂತಿನಲ್ಲಿ. ಅದರಲ್ಲೂ "ಪರಿಶೀಲನಾ ಶುಲ್ಕ" ಅಂತ ಹಿಡಿದುಕೊಂಡರು. ಒಪ್ಪಂದದಲ್ಲಿ ಇತ್ತಂತೆ.

ಈಗ ಪಟ್ಟಿಯಲ್ಲಿರುವ ಅಗ್ರಿಗೇಟರ್ ಹತ್ತಿರ ನಮ್ಮದೇ ಹೆಸರಲ್ಲಿ ನೇರ ಖಾತೆ ಇದೆ. ಶುಲ್ಕ ಸ್ವಲ್ಪ ಜಾಸ್ತಿಯೇ. ಮ್ಯಾಂಡೇಟ್ 650ಕ್ಕೆ ಮಾತ್ರ, ದಿನಾಂಕ ತಿಂಗಳ 7. ಹಿರಿಯರಿಗೆ ಆಟೋಪೇ ಹೇಳುವುದೇ ಇಲ್ಲ, ವಾಟ್ಸಾಪಿನಲ್ಲಿ ಕ್ಯೂಆರ್ ಕಳಿಸುತ್ತೇವೆ, ಅವರು ಮಗನ ಹತ್ತಿರ ಹಾಕಿಸುತ್ತಾರೆ. ವರ್ಷದ ಚಂದಾ ಈಗಲೂ ಇದೆ. ಆದರೆ ಮಿಡಿ ಕಾಲಕ್ಕೆ ಮೊದಲೇ ಅಗ್ರಿಗೇಟರ್‌ಗೆ ಇಮೇಲ್ ಹೋಗುತ್ತದೆ: ಈ ತಿಂಗಳು ಇಷ್ಟು ದುಡ್ಡು ಬರಬಹುದು, ಕಾರಣ ಇದು, ಹೋದ ವರ್ಷದ ಸ್ಪೀಡ್ ಪೋಸ್ಟ್ ರಸೀದಿಗಳು ಜೊತೆಗಿವೆ. ಆ ರಸೀದಿಗಳನ್ನು ಎಸೆಯಬೇಡಿ. ಚಾರ್ಜ್‌ಬ್ಯಾಕ್ ಬಂದರೆ ಡಬ್ಬಿ ತಲುಪಿತ್ತು ಅಂತ ತೋರಿಸಲು ಟ್ರ್ಯಾಕಿಂಗ್ ನಂಬರ್ ಬಿಟ್ಟರೆ ನಮ್ಮ ಹತ್ತಿರ ಬೇರೇನೂ ಇರುವುದಿಲ್ಲ.

ಈಗಾಗಲೇ ಇಂಥ ಕಂಪನಿಯ ಕೈಲಿ ಸಿಕ್ಕಿದ್ದರೆ, ದೂರು ಬರೆಯುವ ಮೊದಲು ಡ್ಯಾಶ್‌ಬೋರ್ಡಿನಿಂದ ಚಂದಾದಾರರ ಹೆಸರು, ಫೋನು, ವಿಳಾಸ, ಕಟ್ಟಿದ ದಿನಾಂಕ ಎಲ್ಲವನ್ನೂ ಎಕ್ಸೆಲ್ ಫೈಲಾಗಿ ಇಳಿಸಿಕೊಳ್ಳಿ. ತಡೆದ ದುಡ್ಡಿನ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಹೊಸ ಚಂದಾ ಸೇರುವ ಲಿಂಕ್ ಬಂದ್ ಮಾಡಿ. ಜಗಳ ಆಮೇಲೆ. ನಾವು ಮೊದಲ ಖಾರದ ಇಮೇಲ್ ಕಳಿಸಿದ ಮರುದಿನ ನಮ್ಮ ಲಾಗಿನ್ ಕೆಲಸ ಮಾಡಲಿಲ್ಲ. ಅತ್ತಿಗೆ ಡಬ್ಬಿಯ ಮೇಲೆ ಅಂಟಿಸುವ ವಿಳಾಸಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳಲ್ಲ, ಆ ಜನರಿಗೆ ಫೋನ್ ಮಾಡಲು ಆಗಿದ್ದು ಅದೊಂದರಿಂದ.