ಹನಿ ನೀರಾವರಿ ಸಹಾಯಧನ: ಹಿರಿಯಡಕದ ಅಡಿಕೆ ತೋಟದಿಂದ

ತೋಟಗಾರಿಕೆ ಇಲಾಖೆಯ ಸಹಾಯಧನದಲ್ಲಿ ನಮ್ಮ ತೋಟಕ್ಕೆ ಹನಿ ನೀರಾವರಿ ಮಾಡಿಸಿದ ಮೇಲೆ ನೆರೆಕರೆಯವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ, ಮಾಡಿಸಬಹುದೇ ಎಂದು. ಖಂಡಿತ ಮಾಡಿಸಿ. ಆದರೆ ಶೇ 90 ಸಹಾಯಧನ ಎಂಬ ಮಾತು ಕೇಳಿ ಕಿಸೆಯಲ್ಲಿ ಹತ್ತನೇ ಒಂದು ಪಾಲು ಮಾತ್ರ ಇಟ್ಟುಕೊಂಡು ಹೊರಡಬೇಡಿ.

ಕೇಂದ್ರದ ಮಾರ್ಗಸೂಚಿಯಲ್ಲಿ ಸಣ್ಣ, ಅತಿ ಸಣ್ಣ ರೈತರಿಗೆ ಇರುವುದು ಶೇ 55, ಉಳಿದವರಿಗೆ ಶೇ 45. ಅದರ ಮೇಲೆ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ 2 ಹೆಕ್ಟೇರ್‌ವರೆಗೆ ಶೇ 90 ಮಾಡುತ್ತದೆ. ಅದೂ ನಿಮ್ಮ ಬಿಲ್ಲಿನ ಮೇಲಲ್ಲ, ಗಿಡಗಳ ಅಂತರ ನೋಡಿ ನಿಗದಿಪಡಿಸಿದ ಘಟಕ ವೆಚ್ಚದ ಮೇಲೆ. ಇಳಿಜಾರಿನಲ್ಲಿ ಮುರಕಲ್ಲು ಕಡಿದು ಪೈಪ್ ಹೂಳಿಸಿದ ಕೂಲಿ ಪೂರ್ತಿ ನಮ್ಮದೇ.

ಕಾಗದಪತ್ರದ ಕಷ್ಟ ನಮ್ಮ ಕರಾವಳಿಯವರಿಗೆ ಸ್ವಲ್ಪ ಹೆಚ್ಚು. ನಮ್ಮದು ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಇಳಿದು ಬರುವ ಕುಟುಂಬದ ಜಾಗ. ಆರ್‌ಟಿಸಿಯಲ್ಲಿ ಅಮ್ಮನ ಜೊತೆ ದೊಡ್ಡಮ್ಮ, ಮಾವಂದಿರ ಹೆಸರೂ ಇದೆ, ಅವರಲ್ಲಿ ಕೆಲವರು ಮುಂಬಯಿಯಲ್ಲಿ. ತೋಟದಲ್ಲಿ ದುಡಿಯುವವಳು ನಾನು. ಎಲ್ಲರ ಒಪ್ಪಿಗೆ ಪತ್ರ ಕೈಸೇರುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಕಚೇರಿಯ ಅಧಿಕಾರಿ ಮಾತ್ರ ಒಮ್ಮೆಯೂ ಮುಖ ಗಂಟಿಕ್ಕಲಿಲ್ಲ. ರೈತರ ಗುರುತಿನ ಸಂಖ್ಯೆಯಾದ ಎಫ್‌ಐಡಿಯಿಂದ ಹಿಡಿದು ಬ್ಯಾಂಕ್ ಪಾಸ್‌ಬುಕ್‌ವರೆಗೆ ಏನೇನು ಬೇಕೆಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಆ ಹಾಳೆಯನ್ನು ಈಗ ಊರಿನಲ್ಲಿ ಎಷ್ಟೋ ಜನ ನಕಲು ಮಾಡಿಸಿಕೊಂಡಿದ್ದಾರೆ.

ಬೇಸರವಾದದ್ದು ಪೈಪ್ ಹಾಕಿದ ವಿತರಕರಿಂದ. ತಪಾಸಣೆ, ಫೋಟೊ ಮುಗಿಯುವವರೆಗೆ ದಿನವೂ ಫೋನ್ ಮಾಡುತ್ತಿದ್ದವರು ಆಮೇಲೆ ಕರೆ ಎತ್ತಲಿಲ್ಲ. ನಮ್ಮ ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಮಾರ್ಚ್ ಹೊತ್ತಿಗೆ ಡ್ರಿಪ್ಪರ್‌ಗಳ ಬಾಯಿಗೆ ಕೆಂಪು ಗಸಿ ಕಟ್ಟಿ ಸಾಲುಸಾಲು ಮರಗಳ ಬುಡ ಒಣಗಿತ್ತು. ಪ್ರತಿ ಪೈಪಿನ ತುದಿಯ ಮುಚ್ಚಳ ಬಿಚ್ಚಿ, ಇಟ್ಟಿಗೆ ಬಣ್ಣದ ನೀರು ಹರಿದು ತಿಳಿಯಾಗುವವರೆಗೆ ಕಾಯುವುದನ್ನು ನಾನೇ ಕಲಿತೆ. ಒಪ್ಪಂದಕ್ಕೆ ಸಹಿ ಮಾಡುವ ಮೊದಲೇ ನೀರು ಪರೀಕ್ಷೆ ಮಾಡಿಸಿ, ಯಾವ ಫಿಲ್ಟರ್ ಕೊಡುತ್ತಾರೆ, ದುರಸ್ತಿಗೆ ಯಾರು ಬರುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಫಲ ಮಾತ್ರ ಕಣ್ಣಿಗೆ ಕಾಣುತ್ತದೆ. ಅಡಿಕೆ ಮರಕ್ಕೆ ಹನಿಯಲ್ಲಾದರೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಮೊದಲು ಏಪ್ರಿಲ್‌ನಲ್ಲೇ ಕೆರೆಯ ತಳ ಕಾಣುತ್ತಿತ್ತು. ಈಗ ಮುಂಗಾರು ಹಿಡಿಯುವವರೆಗೂ ನೀರು ಉಳಿಯುತ್ತದೆ, ನಳ್ಳಿ (ಎಳೆ ಅಡಿಕೆ) ಉದುರುವುದೂ ಕಡಿಮೆಯಾಗಿದೆ.

ಇಷ್ಟಾದರೂ ನನ್ನನ್ನು ಕಾಡುವುದು ಮೇಲಿನ ಗುಡ್ಡದ ಗೇರು ಮರಗಳು. ಅವು ಇರುವುದು ಕುಮ್ಕಿಯಲ್ಲಿ, ಅಂದರೆ ನಮ್ಮ ಜಮೀನಿಗೆ ತಾಗಿದ, ಬಳಸುವ ಹಕ್ಕು ಮಾತ್ರ ನಮಗಿರುವ ಸರ್ಕಾರಿ ಜಾಗದಲ್ಲಿ. ನೆಟ್ಟವರು ನನ್ನ ಅಜ್ಜಿ, ಬೀಜ ಹೆಕ್ಕುವವರು ನಾವು, ದಾಖಲೆಯಲ್ಲಿ ಜಾಗ ಸರ್ಕಾರದ್ದು. ಮರಗಳಿಗೆ ವಯಸ್ಸಾಗಿದೆ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದ ಭಾಸ್ಕರ ತಳಿಯ ಕಸಿ ಗಿಡ ನೆಡುವ ಆಸೆ ನನಗೆ. ಆದರೆ ಅರ್ಜಿಯಲ್ಲಿ ಸರ್ವೆ ನಂಬರಿನ ಮುಂದೆ ನಮ್ಮ ಹೆಸರಿಲ್ಲದೆ ಸಹಾಯಧನದ ಮಾತೇ ಇಲ್ಲ. ಸಹಾಯಧನದ ನಿಯಮ ಬರೆಯುವವರು ಒಮ್ಮೆ ಉಡುಪಿಯ ಗುಡ್ಡ ಹತ್ತಿ ಬರಲಿ, ಕುಮ್ಕಿಯ ಹಳೆಯ ಗೇರು ತೋಟಗಳ ಮರುನಾಟಿಗೆ ಒಂದು ದಾರಿ ಮಾಡಿಕೊಡಲಿ.